ಭಾವನ ಭುಜ

ಅಕ್ಕಾ, ಡೈರಿಗೆ ಹಾಲು ಹಾಕೋಕೆ ಹೊರಟಿದ್ದೀರಿ ಅಂತ ಗೊತ್ತು, ಆದ್ರೂ ದಣಪೆ ಹತ್ರ ಒಂದು ಗಳಿಗೆ ನಿಲ್ಲಿ. ಭಾವನ ಎಂಆರ್‌ಐ ರಿಪೋರ್ಟ್ ಬಂತಂತೆ, ಭುಜದೊಳಗೆ ಹರಿದಿದೆಯಂತೆ, ಶಿವಮೊಗ್ಗದಲ್ಲಿ ಕೀಹೋಲ್ ಆಪರೇಷನ್ ಮಾಡಿಸ್ತಾರಂತೆ ಅಂತ ನಮ್ಮನೆಯವರು ಸೊಸೈಟಿಯಿಂದ ಬಂದವರೇ ಹೇಳಿದ್ರು. ಜೊತೆಗೆ ಇನ್ನೊಂದು ಮಾತೂ ಹೇಳಿದ್ರು. ಮೂರು ಸಣ್ಣ ತೂತು ಅಷ್ಟೇ, ಹದಿನೈದು ದಿನಕ್ಕೆ ಹೊಲಿಗೆ ಬಿಚ್ತಾರೆ, ದೀಪಾವಳಿ ಕಳೆದ ಮೇಲೆ ಭಾವ ಎಂದಿನ ಹಾಗೆ ಕೊನೆಕೊಯ್ಲಿಗೆ ನಿಲ್ತಾರೆ ಅಂತ. ಆಪರೇಷನ್ ಸುದ್ದಿಗಿಂತ ಈ ಎರಡನೇ ಮಾತೇ ನನಗೆ ಹೆದರಿಕೆ ಹುಟ್ಟಿಸ್ತು. ಅದೇ ಆಪರೇಷನ್ ಮಾಡಿಸಿಕೊಂಡು ಎದ್ದವಳು ನಾನು. ಹೇಳದೆ ಇದ್ರೆ ತಪ್ಪಾಗುತ್ತೆ.

ಹೊರಗಿನ ತೂತು ಚಿಕ್ಕದು, ನಿಜ. ಒಂದು ಸೆಂಟಿಮೀಟರ್ ಕೂಡ ಇರಲ್ಲ. ಹತ್ತು ಹದಿನಾಲ್ಕು ದಿನಕ್ಕೆ ಒಣಗುತ್ತೆ, ಅದೂ ನಿಜ. ಆದ್ರೆ ಆಪರೇಷನ್ ಆಗೋದು ಚರ್ಮಕ್ಕಲ್ಲ ಅಕ್ಕ. ಒಳಗೆ ಮೂಳೆಯಿಂದ ಕಿತ್ತುಕೊಂಡಿರೋ ಸ್ನಾಯುವಿನ ತುದಿಯನ್ನ ಎಳೆದು ತಂದು ಮತ್ತೆ ಮೂಳೆಗೆ ಬಿಗಿದಿರ್ತಾರೆ. ಆ ತುದಿ ಮೂಳೆಗೆ ಹತ್ಕೊಳ್ಳೋಕೆ ಸುಮಾರು ಮೂರು ತಿಂಗಳು ಬೇಕು. ಹಿಂದಿನ ಕಾಲದ ಹಾಗೆ ಉದ್ದಕ್ಕೆ ಕೊಯ್ದು ಹೊಲಿದ್ರೂ ಅಷ್ಟೇ ಬೇಕು, ತೂತಿನಿಂದ ಹೊಲಿದ್ರೂ ಅಷ್ಟೇ ಬೇಕು. ಭಾವ ಮಾವಿನ ಗಿಡಕ್ಕೆ ಕಸಿ ಕಟ್ತಾರಲ್ಲ, ಹಾಗೇ ಅಂದ್ಕೊಳ್ಳಿ. ಕಟ್ಟೋ ಕೆಲಸ ಕಾಲು ಗಂಟೆಯದು. ಎರಡು ಕಡ್ಡಿ ಒಂದಾಗೋದು ಅದರದೇ ಲೆಕ್ಕದಲ್ಲಿ. ಕಟ್ಟು ಗಟ್ಟಿಯಾಗಿದೆ ಅಂತ ಎರಡು ವಾರಕ್ಕೆ ಯಾರಾದ್ರೂ ಅಲ್ಲಾಡಿಸಿ ನೋಡಿದ್ರೆ ಭಾವನೇ ಬೈತಾರೆ. ಅವರ ಭುಜಕ್ಕೂ ಅಷ್ಟೇ ಮರ್ಯಾದೆ ಬೇಕು. ಈ ಒಂದು ಮಾತು ಮನೆಯವರೆಲ್ಲರ ತಲೇಲಿ ಕೂತ್ರೆ ಮಿಕ್ಕಿದ್ದೆಲ್ಲ ಸುಲಭ.

ಅದಕ್ಕೂ ಮೊದಲು ಇನ್ನೊಂದು ಕೇಳ್ತೀನಿ. ಆಪರೇಷನ್ ಈಗಲೇ ಬೇಕಾ? ಭಾವ ಬಿದ್ದಿದ್ದೇನಾದ್ರೂ ಉಂಟಾ? ಇಲ್ಲ ತಾನೇ. ಎರಡು ವರ್ಷದಿಂದ ನೋವು ಅಂತಿದ್ರು, ಅಡಿಕೆ ಕೊನೆ ಕೊಯ್ಯೋ ದೋಟಿ ಎತ್ತಿ ಎತ್ತಿ ಹೀಗಾಯ್ತು ಅಂತಿದ್ರು. ನನ್ನದು ಬೇರೆ. ಮಳೆಗಾಲದಲ್ಲಿ ಅಂಗಳದ ಪಾಚಿ ಮೇಲೆ ಜಾರಿ ಬಿದ್ದೆ, ಬೀಳೋವಾಗ ಬಲಗೈ ಊರಿದೆ, ಆ ಗಳಿಗೆಯಿಂದ ಕೈ ಮೇಲೆ ಏಳಲಿಲ್ಲ. ಎಡಗೈಯಿಂದ ಎತ್ತಿ ಹಿಡಿದ್ರೆ ಬರುತ್ತೆ, ಬಿಟ್ರೆ ಧೊಪ್ಪಂತ ಬೀಳುತ್ತೆ. ಹಾಗೆ ಪೆಟ್ಟು ಬಿದ್ದು ಒಮ್ಮೆಲೇ ಹರಿದಿದ್ದಕ್ಕೆ ತಡ ಮಾಡಬಾರದು. ಯಾಕೆ ಅಂದ್ರೆ ಹರಿದ ತುದಿ ದಿನ ಹೋದ ಹಾಗೆ ಒಳಕ್ಕೆ ಸರಿಯುತ್ತೆ, ಕೆಲಸವಿಲ್ಲದ ಸ್ನಾಯು ಸೊರಗಿ ಅದರೊಳಗೆ ಕೊಬ್ಬು ತುಂಬುತ್ತೆ, ಆಮೇಲೆ ಎಳೆದು ತಂದು ಕಟ್ಟಿದ್ರೂ ಮೊದಲಿನ ಬಲ ಬರಲ್ಲ. ಭಾವನದ್ದು ಸವೆದು ಸವೆದು ಹರಿದಿದ್ದು. ಅರವತ್ತು ದಾಟಿದವರ ಭುಜ ಸ್ಕ್ಯಾನ್ ಮಾಡಿದ್ರೆ ನೋವೇ ಇಲ್ಲದವರಲ್ಲೂ ಹೀಗೆ ಹರಿದಿರೋದು ಎಷ್ಟೋ ಸಲ ಕಾಣಿಸುತ್ತೆ. ಹಾಗಾಗಿ ರಿಪೋರ್ಟಿನಲ್ಲಿ ‘ಟೇರ್’ ಅಂತ ಬಂದ ಮಾತ್ರಕ್ಕೆ ಕತ್ತಿ ಹಿಡೀಬೇಕು ಅಂತಿಲ್ಲ. ಹೀಗೆ ಸವೆದು ಹರಿದಿದ್ದಕ್ಕೆ ಮೊದಲು ಎರಡು ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿಸಿ ನೋಡೋದೇ ಪದ್ಧತಿ. ಹರಿಯದೆ ಉಳಿದ ಸ್ನಾಯುಗಳು ಗಟ್ಟಿಯಾದ್ರೆ ಎಷ್ಟೋ ಜನಕ್ಕೆ ನೋವು ಇಳಿಯುತ್ತೆ, ಕೈ ಏಳುತ್ತೆ.

ಏನಂದ್ರಿ? ನಿಮ್ಮ ಅಕ್ಕನ ಮಗಳಿಗೂ ಭುಜ ನೋವು, ಅವಳಿಗೂ ಇದೇ ಇರಬಹುದಾ ಅಂತಾನಾ? ಅವಳಿಗೆ ಶುಗರ್ ಇದೆ ಅಲ್ವಾ. ಕೈ ತಾನಾಗೂ ಏಳಲ್ಲ, ಬೇರೆಯವರು ಎತ್ತಿದ್ರೂ ಏಳಲ್ಲ, ಹಿಂದೆ ಜಡೆ ಹೆಣೆಯೋಕಾಗಲ್ಲ, ರವಿಕೆ ಕೊಕ್ಕೆ ಹಾಕೋಕಾಗಲ್ಲ ಅಂತಿದ್ಲು. ಅದು ಫ್ರೋಜನ್ ಶೋಲ್ಡರ್ ಇದ್ದ ಹಾಗಿದೆ. ಕೀಲಿನ ಸುತ್ತ ಇರೋ ಚೀಲ ದಪ್ಪಗಾಗಿ ಬಿಗಿದುಕೊಂಡು ಬಿಡುತ್ತೆ. ನಲವತ್ತರಿಂದ ಅರವತ್ತರ ಒಳಗಿನವರಿಗೆ, ಗಂಡಸರಿಗಿಂತ ಹೆಂಗಸರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ ಜಾಸ್ತಿ. ಬ್ರಿಟನ್ನಿನಲ್ಲಿ 503 ಜನರನ್ನ ಮೂರು ಗುಂಪು ಮಾಡಿ ನೋಡಿದ್ರು. ಒಂದು ಗುಂಪಿಗೆ ಸಣ್ಣ ತೂತಿನಿಂದ ಕ್ಯಾಮೆರಾ ದುರ್ಬೀನು ಹಾಕಿ ಆ ಬಿಗಿದ ಚೀಲ ಬಿಡಿಸಿದ್ರು, ಇನ್ನೊಂದಕ್ಕೆ ಅರಿವಳಿಕೆ ಕೊಟ್ಟು ಕೈ ಎಳೆದು ಸಡಿಲ ಮಾಡಿದ್ರು, ಮೂರನೆಯದಕ್ಕೆ ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಫಿಸಿಯೋಥೆರಪಿ ಮಾಡಿಸಿದ್ರು. 2020ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೇಲಿ ಫಲಿತಾಂಶ ಬಂತು. ಒಂದು ವರ್ಷದ ಹೊತ್ತಿಗೆ ಒಂದು ಇನ್ನೊಂದಕ್ಕಿಂತ ಹೇಳಿಕೊಳ್ಳೋ ಹಾಗೆ ಮೇಲು ಅಂತ ಕಾಣಲಿಲ್ಲ. ಹಾಗಿದ್ಮೇಲೆ ಅವಳು ಇಂಜೆಕ್ಷನ್ನು, ವ್ಯಾಯಾಮದಿಂದಲೇ ಶುರು ಮಾಡಲಿ, ಶುಗರ್ ಹತೋಟೀಲಿ ಇಟ್ಟುಕೊಳ್ಳಲಿ.

ಇನ್ನೊಂದು ಇದೆ. ಹರಿದಿರಲ್ಲ, ಬಿಗಿದಿರಲ್ಲ, ಕೈ ಮೇಲೆತ್ತೋವಾಗ ಮಾತ್ರ ಭುಜದ ನೆತ್ತಿ ಕೆಳಗೆ ಚುಳುಕ್ ಅನ್ನುತ್ತೆ. ಮೇಲಿನ ಮೂಳೆ ಸ್ನಾಯುವಿಗೆ ಒತ್ತುತ್ತೆ ಅಂತ ಹೇಳಿ ಆ ಮೂಳೆ ಹೆರೆಯೋ ಆಪರೇಷನ್ ವರ್ಷಾನುಗಟ್ಟಲೆ ನಡೀತು. ಆಮೇಲೆ ಬ್ರಿಟನ್ನಿನಲ್ಲಿ 32 ಆಸ್ಪತ್ರೆಗಳ 313 ಜನರ ಮೇಲೆ ಪರೀಕ್ಷೆ ಮಾಡಿದ್ರು. ಕೆಲವರಿಗೆ ನಿಜವಾಗಿ ಹೆರೆದ್ರು, ಕೆಲವರಿಗೆ ದುರ್ಬೀನು ಹಾಕಿ ನೋಡಿ ಏನೂ ಮಾಡದೆ ತೆಗೆದ್ರು, ಉಳಿದವರಿಗೆ ಚಿಕಿತ್ಸೆಯನ್ನೇ ಕೊಡಲಿಲ್ಲ. ಹೆರೆಸಿಕೊಂಡವರಿಗೂ ಬರೀ ನೋಡಿಸಿಕೊಂಡವರಿಗೂ ವ್ಯತ್ಯಾಸವೇ ಇರಲಿಲ್ಲ. ಏನೂ ಮಾಡಿಸಿಕೊಳ್ಳದವರಿಗಿಂತ ಇವರಿಬ್ಬರೂ ಒಂಚೂರು ಮೇಲಿದ್ರು, ಆದ್ರೆ ರೋಗಿಗೆ ಗೊತ್ತಾಗೋವಷ್ಟಲ್ಲ. ಅದೂ ‘ಲ್ಯಾನ್ಸೆಟ್’ನಲ್ಲೇ 2018ರಲ್ಲಿ ಬಂತು. ಮಾರನೇ ವರ್ಷ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಸೇರಿಸಿದ ತಜ್ಞರು ಅಂಥ ನೋವಿಗೆ ಈ ಆಪರೇಷನ್ ಬೇಡ ಅಂತ ಖಡಾಖಂಡಿತವಾಗಿ ಹೇಳಿದ್ರು. ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದ್ರೆ, ಭುಜ ನೋವು ಅನ್ನೋದು ಒಂದೇ ಕಾಯಿಲೆಯಲ್ಲ. ಯಾವುದಕ್ಕೆ ಏನು ಅಂತ ಡಾಕ್ಟ್ರ ಹತ್ರ ಕೂತು ಕೇಳಬೇಕು. ಒಳ್ಳೆ ಡಾಕ್ಟ್ರು ಬೇಜಾರು ಮಾಡಿಕೊಳ್ಳಲ್ಲ.

ಭುಜ ಇಷ್ಟು ಸುಲಭವಾಗಿ ಕೆಡೋದಕ್ಕೂ ಕಾರಣ ಇದೆ. ದೇಹದಲ್ಲಿ ಇದರಷ್ಟು ತಿರುಗೋ ಕೀಲು ಇನ್ನೊಂದಿಲ್ಲ. ತೋಳಿನ ಮೂಳೆಯ ಗುಂಡು ತಲೆ ದೊಡ್ಡದು, ಅದು ಕೂರೋ ಕುಳಿ ಸಣ್ಣದು, ಆಳವೂ ಇಲ್ಲ. ಸೊಂಟದ ಕೀಲಿಗಾದ್ರೆ ಆಳವಾದ ಕುಳಿಯೇ ಆಧಾರ. ಇಲ್ಲಿ ಆ ಕೆಲಸ ಮಾಡೋದು ಬೆನ್ನಿನ ಹಲಗೆ ಮೂಳೆಯಿಂದ ಹೊರಟು ಆ ಗುಂಡನ್ನ ಹಿಂದೆ, ಮುಂದೆ, ಮೇಲಿನಿಂದ ತಬ್ಬಿಕೊಂಡಿರೋ ನಾಲ್ಕು ಸ್ನಾಯುಗಳು. ಆ ನಾಲ್ಕಕ್ಕೂ ಸೇರಿಸಿ ರೊಟೇಟರ್ ಕಫ್ ಅಂತಾರೆ. ಮೇಲಿನದು, ಸುಪ್ರಾಸ್ಪೈನೇಟಸ್ ಅನ್ನೋದು, ಎಲ್ಲಕ್ಕಿಂತ ಹೆಚ್ಚು ಹರಿಯೋದು. ಕೈ ಪಕ್ಕಕ್ಕೆ ಎತ್ತೋಕೆ ಅದು ಬೇಕು. ಈಗ ನಮ್ಮ ತೋಟದ ಕೆಲಸ ಯೋಚನೆ ಮಾಡಿ. ಮೊದಲೆಲ್ಲ ಕೊನೆಗೌಡ ಮರ ಹತ್ತಿ ಕೊನೆ ಇಳಿಸ್ತಿದ್ದ. ಈಗ ಹತ್ತೋರು ಸಿಗಲ್ಲ, ಫೈಬರ್ ದೋಟಿ ಬಂತು. ದೋಟಿ ಬಂದಿದ್ದು ಒಳ್ಳೇದೇ, ಮರದಿಂದ ಬೀಳೋ ಭಯ ಹೋಯ್ತು. ಆದ್ರೆ ಕತ್ತು ಮೇಲೆ ಮಾಡಿ, ಎರಡೂ ಕೈ ತಲೆಗಿಂತ ಎತ್ತರಕ್ಕೆ ಹಿಡಿದು, ತುದೀಲಿ ಕತ್ತಿ ಇರೋ ಅಷ್ಟುದ್ದದ ಕೋಲನ್ನ ಬೆಳಿಗ್ಗೆಯಿಂದ ಸಂಜೆ ತನಕ ತೂಗಿಸಬೇಕು. ಕೊಳೆ ಔಷಧಿ ಹೊಡೆಯೋಕೂ ಅದೇ ದೋಟಿ. ತಲೆ ಮೇಲೆ ಕೈ ಎತ್ತಿ ಮಾಡೋ ಕೆಲಸವೇ ಈ ಸ್ನಾಯುವಿನ ಶತ್ರು. ಸುಣ್ಣ ಬಣ್ಣ ಹೊಡೆಯೋರಿಗೆ, ಚೆಂಡು ಎಸೆಯೋರಿಗೆ ಬರೋ ತೊಂದರೆ ಈಗ ಅಡಿಕೆ ತೋಟಕ್ಕೂ ಬಂದಿದೆ.

ತೂತಿನಿಂದ ಕೀಲಿನೊಳಗೆ ಇಣುಕೋ ಆ ದುರ್ಬೀನಿನ ಕಥೆ ಗೊತ್ತಾ ನಿಮಗೆ? ಕೈ ಕಟ್ಟಿಕೊಂಡು ಕೂತ ಆ ತಿಂಗಳುಗಳಲ್ಲಿ ಓದಿದ್ದು. 1918ರಲ್ಲಿ ಟೋಕಿಯೊದ ಕೆಂಜಿ ತಕಾಗಿ ಅನ್ನೋ ಡಾಕ್ಟ್ರು ಮೂತ್ರಕೋಶ ನೋಡೋ ಕೊಳವೆಯನ್ನ ಒಂದು ಹೆಣದ ಮಂಡಿಯೊಳಗೆ ತೂರಿಸಿ ನೋಡಿದ್ರು. ಆಗ ಮಂಡಿಗೆ ಕ್ಷಯ ತಗುಲಿ ಕೀಲು ಮರಗಟ್ಟೋದು ಸಾಮಾನ್ಯವಾಗಿತ್ತು. ಜಪಾನಿನವರು ನೆಲದ ಮೇಲೆ ಮಂಡಿಯೂರಿ ಕೂರೋ ಜನ. ಮಂಡಿ ಮಡಿಸೋಕೆ ಬಾರದಿದ್ರೆ ಅಲ್ಲಿ ಬದುಕೇ ಕಷ್ಟ. ರೋಗ ಬೇಗ ಪತ್ತೆ ಹಚ್ಚೋಣ ಅಂತ ಆ ಮಹಾರಾಯರು ಒಳಗೆ ಇಣುಕಿದ್ರು. ಅವರ ಶಿಷ್ಯ ಮಸಾಕಿ ವತನಾಬೆ ಆ ಉಪಕರಣವನ್ನ ತಿದ್ದಿ ತೀಡಿ ಕೆಲಸಕ್ಕೆ ಬರೋ ಹಾಗೆ ಮಾಡಿದ್ರು, 1962ರಲ್ಲಿ ಅದರ ಸಹಾಯದಿಂದ ಮಂಡಿಯೊಳಗಿನ ಹರಿದ ಮೆತ್ತೆಯ ತುಂಡು ತೆಗೆದ್ರು. ಮಂಡಿಯಿಂದ ಶುರುವಾಗಿದ್ದು ಆಮೇಲೆ ಭುಜಕ್ಕೆ ಬಂತು.

ಭುಜದ ವಿಷಯದಲ್ಲಿ ನೆನೆಯಬೇಕಾದವರು ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್. ಹರಿದ ಈ ಸ್ನಾಯುವನ್ನ ಹೊಲಿದ ಬಗ್ಗೆ 1911ರಲ್ಲೇ ಬರೆದವರು. 1934ರಲ್ಲಿ ಭುಜದ ಮೇಲೇ ಒಂದು ದೊಡ್ಡ ಪುಸ್ತಕ ಬರೆದ್ರು. ನನಗೆ ಅವರ ಮೇಲೆ ಗೌರವ ಬಂದಿದ್ದು ಇನ್ನೊಂದು ಕಾರಣಕ್ಕೆ. ಆಪರೇಷನ್ ಮಾಡಿಸಿಕೊಂಡು ಮನೆಗೆ ಹೋದ ರೋಗಿ ಒಂದು ವರ್ಷದ ನಂತರ ಹೇಗಿದ್ದಾನೆ ಅಂತ ಪ್ರತಿಯೊಂದು ಆಸ್ಪತ್ರೆಯೂ ವಿಚಾರಿಸಿ ಬರೆದಿಡಬೇಕು ಅಂತ ಅವರು ಹಠ ಹಿಡಿದ್ರು. ಒಬ್ಬೊಬ್ಬ ರೋಗಿಗೂ ಒಂದೊಂದು ಕಾರ್ಡ್ ಇಟ್ಟರು. ತಾವಿದ್ದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಅದಕ್ಕೆ ಒಪ್ಪಲಿಲ್ಲ ಅಂತ 1914ರಲ್ಲಿ ಕೆಲಸ ಬಿಟ್ಟರು. ನೂರು ವರ್ಷದ ಹಿಂದಿನ ಆ ಮಾತು ಭಾವನ ಭುಜಕ್ಕೂ ಸಲ್ಲುತ್ತೆ ಅಕ್ಕ. ಆಪರೇಷನ್ ಚೆನ್ನಾಗಾಯ್ತು ಅಂತ ಡಿಸ್‌ಚಾರ್ಜ್ ಆದ ದಿನ ಹೇಳೋದಲ್ಲ. ಒಂದು ವರ್ಷ ಬಿಟ್ಟು ಆ ಕೈ ಏನು ಮಾಡ್ತಿದೆ ಅಂತ ನೋಡಿ ಹೇಳಬೇಕು.

ಆಪರೇಷನ್ ದಿನದ್ದು ಹೇಳಿಬಿಡ್ತೀನಿ, ಅದರಲ್ಲಿ ಹೆದರೋದು ಏನಿಲ್ಲ. ಪ್ರಜ್ಞೆ ತಪ್ಪಿಸ್ತಾರೆ. ಜೊತೆಗೆ ಕತ್ತಿನ ಬುಡಕ್ಕೆ ಒಂದು ಇಂಜೆಕ್ಷನ್ ಕೊಟ್ಟು ಇಡೀ ಕೈ ಜೋಮು ಹಿಡಿಸ್ತಾರೆ, ಬ್ಲಾಕ್ ಅಂತಾರೆ ಅದಕ್ಕೆ. ಅರ್ಧ ಕೂತ ಹಾಗೋ ಪಕ್ಕಕ್ಕೆ ವಾಲಿಸಿಯೋ ಮಲಗಿಸಿ, ಕೀಲಿನೊಳಗೆ ಸಲೈನ್ ನೀರು ಹರಿಸ್ತಾ ಇರ್ತಾರೆ. ಆ ನೀರು ಜಾಗ ಅಗಲ ಮಾಡುತ್ತೆ, ರಕ್ತ ಅಡ್ಡ ಬಂದು ನೋಟ ಮಸುಕಾಗದ ಹಾಗೆ ನೋಡಿಕೊಳ್ಳುತ್ತೆ. ಕ್ಯಾಮೆರಾ ಕೊಳವೆ ಸುಮಾರು ನಾಲ್ಕು ಮಿಲಿಮೀಟರ್ ದಪ್ಪ, ತುದಿಯ ಗಾಜು 30 ಡಿಗ್ರಿ ಓರೆ. ಕೊಳವೆ ತಿರುಗಿಸಿದ್ರೆ ಸಾಕು, ಮೂಲೆ ಮೂಲೆಯೂ ಟಿವಿ ಪರದೆ ಮೇಲೆ ಕಾಣುತ್ತೆ. ಇನ್ನೊಂದು ತೂತಿನಿಂದ ಮೂಳೆಗೆ ಸಣ್ಣ ಮೊಳೆಯಂಥದ್ದು ಕೂರಿಸ್ತಾರೆ, ಆ್ಯಂಕರ್ ಅದು, ಅದಕ್ಕೆ ದಾರ ಪೋಣಿಸಿಯೇ ಇರುತ್ತೆ. ಆ ದಾರದಿಂದ ಹರಿದ ತುದಿಯನ್ನ ಮೂಳೆಗೆ ಒತ್ತಿ ಕಟ್ತಾರೆ. ಆ್ಯಂಕರ್ ಒಳಗೇ ಉಳಿಯುತ್ತೆ, ಆಮೇಲೆ ತೆಗೆಯೋದಿಲ್ಲ. ಒಂದೊಂದು ಆ್ಯಂಕರಿಗೂ ಬಿಲ್ಲಿನಲ್ಲಿ ಬೇರೆ ಬೇರೆ ದರ ಹಾಕೋದುಂಟು, ಹಾಗಾಗಿ ಎಷ್ಟು ಬೇಕಾಗಬಹುದು, ಇನ್ಶೂರೆನ್ಸ್‌ನಲ್ಲಿ ಅದು ಸೇರುತ್ತಾ ಅಂತ ಮೊದಲೇ ಕೇಳಿಡಿ.

ಎಚ್ಚರ ಆದಾಗ ಕೈ ಇದೆಯೋ ಇಲ್ಲವೋ ಗೊತ್ತಾಗಲ್ಲ. ಬೆರಳು ಅಲ್ಲಾಡಲ್ಲ. ಕೆಲವರಿಗೆ ಆ ಕಡೆಯ ಕಣ್ಣಿನ ರೆಪ್ಪೆ ಜೋತು ಬೀಳುತ್ತೆ, ದನಿ ಒಡೆಯುತ್ತೆ, ಉಸಿರು ತುಂಬ ಎಳೆಯೋಕೆ ಆಗಲ್ಲ ಅನ್ನಿಸುತ್ತೆ. ಬ್ಲಾಕ್ ಇಳಿದ ಹಾಗೆ ಅವೆಲ್ಲ ಹೋಗುತ್ತೆ. ಉಸಿರಿನ ತೊಂದರೆ ಜಾಸ್ತಿ ಅನ್ನಿಸಿದ್ರೆ ಮಾತ್ರ ಕೂಡಲೇ ನರ್ಸ್ ಕರೀಬೇಕು. ಭುಜ, ಎದೆ ಊದಿರುತ್ತೆ, ಪಟ್ಟಿಯಿಂದ ನಸುಗೆಂಪು ನೀರು ಒಸರಿ ಹಾಸಿಗೆ ಒದ್ದೆಯಾಗುತ್ತೆ. ನೋಡಿದವರು ರಕ್ತ ಅಂತ ಗಾಬರಿಯಾಗ್ತಾರೆ. ಅದು ಒಳಗೆ ಬಿಟ್ಟ ಸಲೈನೇ ಸ್ವಲ್ಪ ರಕ್ತ ಕೂಡಿ ಹೊರಗೆ ಬರ್ತಿರೋದು. ನಿಜವಾದ ನೋವು ಶುರುವಾಗೋದು ಬ್ಲಾಕ್ ಇಳಿಯೋವಾಗ, ಹೆಚ್ಚಾಗಿ ರಾತ್ರಿ ಹೊತ್ತಿಗೆ. ನೋವು ಬರಲಿ ನೋಡೋಣ ಅಂತ ಕಾಯಬೇಡಿ, ಹೇಳಿದ ಹೊತ್ತಿಗೆ ಮಾತ್ರೆ ಕೊಡಿ. ಐಸನ್ನ ಬಟ್ಟೇಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಿ. ಆ ಮಾತ್ರೆಗಳಿಗೆ ಮಲಬದ್ಧತೆ ಆಗುತ್ತೆ, ಬಾಳೆಹಣ್ಣು, ಸೊಪ್ಪು, ನೀರು ಜಾಸ್ತಿ ಇರಲಿ.

ನಿದ್ದೆ ಬಗ್ಗೆ ಹೇಳಲೇಬೇಕು. ಮೊದಲ ವಾರಗಳಲ್ಲಿ ಚಪ್ಪಟೆ ಮಲಗೋಕಾಗಲ್ಲ, ತೋಳು ಹಿಂದಕ್ಕೆ ಜಾರಿದ ಹಾಗಾಗಿ ಹೊಲಿದ ಜಾಗ ಜಗ್ಗುತ್ತೆ. ನಿಮ್ಮನೆ ಜಗಲೀಲಿ ಮಾವನವರ ಆರಾಮ ಕುರ್ಚಿ ಇದೆಯಲ್ಲ, ಅದನ್ನ ಈಗಲೇ ದುರಸ್ತಿ ಮಾಡಿಸಿಡಿ. ಭಾವನಿಗೆ ಅದೇ ಹಾಸಿಗೆ. ಮಂಚದ ಮೇಲೆ ಮಲಗೋ ಹಾಗಾದ ಮೇಲೂ ಮೊಣಕೈ ಕೆಳಗೆ ಟವೆಲ್ ಮಡಿಸಿ ಇಡಬೇಕು. ನಮ್ಮ ಫಿಸಿಯೋಥೆರಪಿ ಹುಡುಗಿ ಒಂದು ಗುರುತು ಹೇಳಿಕೊಟ್ಟಿದ್ಲು, ಅಂಗಾತ ಮಲಗಿದಾಗ ನಿಮ್ಮ ಮೊಣಕೈ ನಿಮಗೆ ಕಾಣ್ತಿರಬೇಕು, ಕಾಣ್ತಿಲ್ಲ ಅಂದ್ರೆ ಅದು ಹಿಂದಕ್ಕೆ ಬಿದ್ದಿದೆ ಅಂತ. ರಾತ್ರಿ ಎಚ್ಚರ ಆದಾಗೆಲ್ಲ ನಾನು ಮೊದಲು ನೋಡ್ತಿದ್ದದ್ದು ಅದನ್ನೇ.

ಸ್ಲಿಂಗ್ ನಾಲ್ಕರಿಂದ ಆರು ವಾರ. ಸ್ನಾನಕ್ಕೆ, ವ್ಯಾಯಾಮಕ್ಕೆ ಬಿಟ್ಟು ತೆಗೆಯೋ ಹಾಗಿಲ್ಲ. ಹೊಟ್ಟೆ ಪಕ್ಕದಲ್ಲಿ ಒಂದು ಸಣ್ಣ ದಿಂಬು ಇರೋ ಸ್ಲಿಂಗ್ ಕೊಡ್ತಾರೆ, ಕೈ ಮೈಯಿಂದ ಸ್ವಲ್ಪ ದೂರ ನಿಂತ್ರೆ ಹೊಲಿದ ಜಾಗಕ್ಕೆ ಎಳೆತ ಕಮ್ಮಿ. ಭಾವನಿಗೆ ಮುಂದೆ ಗುಂಡಿ ಇರೋ ಸಡಿಲ ಅಂಗಿ ನಾಲ್ಕು ತೆಗೆದಿಡಿ, ಬನಿಯನ್ ಮರೆತುಬಿಡಿ. ಹಾಕೋವಾಗ ಆಪರೇಷನ್ ಆದ ಕೈ ಮೊದಲು, ತೆಗೆಯೋವಾಗ ಅದೇ ಕೈ ಕೊನೆಗೆ. ಪಂಚೆ ಒಂದು ಕೈಯಲ್ಲಿ ಉಡೋಕಾಗಲ್ಲ, ಎಲಾಸ್ಟಿಕ್ ಇರೋ ಪೈಜಾಮ ಹೊಲಿಸಿ. ಸ್ನಾನದಲ್ಲಿ ಕಂಕುಳು ತೊಳೆಯೋದೇ ದೊಡ್ಡ ಸಮಸ್ಯೆ, ಕೈ ಎತ್ತೋ ಹಾಗಿಲ್ಲವಲ್ಲ. ಸೊಂಟದಿಂದ ಮುಂದಕ್ಕೆ ಬಾಗಿದ್ರೆ ತೋಳು ತನ್ನಷ್ಟಕ್ಕೆ ಜೋತು ಬಿದ್ದು ಜಾಗ ಬಿಡುತ್ತೆ, ಆಗ ತೊಳೆದು ಒಣಗಿಸಿ. ನಮ್ಮ ಮಳೆಗಾಲದ ತೇವಕ್ಕೆ ಅಲ್ಲಿ ಬೇಗ ಹುಣ್ಣಾಗುತ್ತೆ. ಊಟ ಎಡಗೈಯಲ್ಲೇ, ಚಮಚ ಹಿಡಿದು. ಎಲೆ ಮುಂದೆ ಕೂತು ಎಡಗೈಯಲ್ಲಿ ಉಣ್ಣೋದು ಭಾವನಿಗೆ ಬಲು ಸಂಕಟ ಆಗುತ್ತೆ, ನನಗೂ ಆಗಿತ್ತು. ಮಠದ ಊಟಕ್ಕೆ, ಮದುವೆಗೆ ಅವರನ್ನ ಒತ್ತಾಯ ಮಾಡಬೇಡಿ, ಮನೇಲಿ ಅವರ ಪಕ್ಕ ಕೂತು ಕಲೆಸಿ ಕೊಡಿ.

ಎಚ್ಚರ ವಹಿಸಬೇಕಾದ ಗಳಿಗೆಗಳು ಬೇರೆ ಇವೆ. ಕುರ್ಚಿಯಿಂದ ಏಳೋವಾಗ ಆ ಕೈ ಊರಬಾರದು. ಜಾರಿದ ಚೊಂಬು ಹಿಡಿಯೋಕೆ ತಟ್ಟನೆ ಕೈ ಚಾಚಬಾರದು. ಹಿಂದಿನ ಜೇಬಿಗೆ ಕೈ ಹಾಕಬಾರದು. ಕರು ಹಗ್ಗ ಹಿಡಿಯೋದಂತೂ ಬೇಡವೇ ಬೇಡ, ಅದು ಒಂದು ಸಲ ಜಗ್ಗಿದ್ರೆ ಎಲ್ಲ ಮುಗೀತು. ಜ್ವರ ಬಂದ್ರೆ, ತೂತಿನ ಸುತ್ತ ಕೆಂಪೇರಿ ಕೀವು ಕಾಣಿಸಿದ್ರೆ, ಕಾಲಿನ ಮೀನಖಂಡ ಊದಿ ನೋಯ್ತಿದ್ರೆ ಆವತ್ತೇ ಡಾಕ್ಟ್ರಿಗೆ ಫೋನ್ ಮಾಡಿ.

ಮತ್ತೆ ಹೊಗೆಸೊಪ್ಪು. ಇದನ್ನ ನಾನು ಹೇಳಿದ್ರೆ ಭಾವ ಮುನಿಸಿಕೊಳ್ತಾರೆ, ನೀವೇ ಹೇಳಬೇಕು. ಎಲೆಅಡಿಕೆ ಜೊತೆ ಹಾಕೋ ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳ ಕುಗ್ಗಿಸುತ್ತೆ. ಮೊದಲೇ ಆ ಸ್ನಾಯುವಿನ ತುದಿಗೆ ರಕ್ತ ಹರಿಯೋದು ಕಮ್ಮಿ. ಬೀಡಿ ಸಿಗರೇಟು ಸೇದೋರಲ್ಲಿ ಹೊಲಿದಿದ್ದು ಸರಿಯಾಗಿ ಹತ್ಕೊಳ್ಳಲ್ಲ ಅಂತ ಡಾಕ್ಟ್ರುಗಳೆಲ್ಲ ಹೇಳ್ತಾರೆ. ಆಪರೇಷನ್ನಿಗೆ ಕೆಲವು ವಾರ ಮುಂಚೆಯೇ ಬಿಡಲಿ.

ಫಿಸಿಯೋಥೆರಪಿ ಅಂದ್ರೆ ಏನು ಮಾಡಿಸ್ತಾರೆ ಅಂತ ಕೇಳಿದ್ರಲ್ಲ. ಬೆರಳು, ಮಣಿಕಟ್ಟು, ಮೊಣಕೈ ಮೊದಲ ದಿನದಿಂದಲೇ ಆಡಿಸಬೇಕು. ಭುಜಕ್ಕೆ ಡಾಕ್ಟ್ರು ಹೇಳಿದ ಮೇಲೆ. ಮೊದಲನೆಯದು ಕಾಡ್‌ಮನ್ ಹೆಸರಿನದೇ ವ್ಯಾಯಾಮ. ಒಳ್ಳೆ ಕೈಯನ್ನ ಮೇಜಿಗೆ ಊರಿ ಬಾಗಿ ನಿಂತು, ಆಪರೇಷನ್ ಆದ ಕೈ ಇಳಿಬಿಟ್ಟು, ಸೊಂಟ ತೂಗಬೇಕು. ಮೈ ತೂಗಿದ ಹಾಗೆ ಕೈ ತೂಗುತ್ತೆ, ಭುಜದ ಸ್ನಾಯು ಕೆಲಸ ಮಾಡೋ ಹಾಗಿಲ್ಲ. ಆಮೇಲೆ ಅಂಗಾತ ಮಲಗಿ ಒಳ್ಳೆ ಕೈಯಿಂದ ಇನ್ನೊಂದನ್ನ ಹಿಡಿದು ಎತ್ತೋದು. ಬಾಗಿಲಿಗೆ ರಾಟೆ ಕಟ್ಟಿ ಒಳ್ಳೆ ಕೈ ಕೆಳಗೆಳೆದ್ರೆ ಇನ್ನೊಂದು ಮೇಲೇರೋದು. ಕಂಕುಳಿಗೆ ಟವೆಲ್ ಸುರುಳಿ ಸಿಕ್ಕಿಸಿ, ಎರಡೂ ಕೈಯಲ್ಲಿ ಕೋಲು ಹಿಡಿದು, ಮುಂಗೈಯನ್ನ ಹೊರಕ್ಕೆ ತಳ್ಳೋದು. ಸುಮಾರು ಆರು ವಾರ ಆದ ಮೇಲೆ ಕೈ ತನ್ನ ಬಲದಿಂದ ಏಳೋಕೆ ಶುರು. ಮೂರು ತಿಂಗಳ ಮೇಲೆ ರಬ್ಬರ್ ಪಟ್ಟಿ ಎಳೆದು ಬಲ ತುಂಬೋದು. ಹರಿದಿದ್ದು ದೊಡ್ಡದಾಗಿದ್ರೆ ಇದೆಲ್ಲ ಇನ್ನೂ ನಿಧಾನ, ಲೆಕ್ಕ ಡಾಕ್ಟ್ರೇ ಹೇಳ್ತಾರೆ.

ಸಾಗರದಲ್ಲಿ ನನಗೆ ಮಾಡಿಸ್ತಿದ್ದ ಹುಡುಗಿ ಕನ್ನಡಿ ಮುಂದೆ ನಿಲ್ಲಿಸ್ತಿದ್ಲು. ಕೈ ಎತ್ತಿ ಅಂದ ಕೂಡಲೇ ನನ್ನ ಭುಜ ಕಿವಿ ಕಡೆ ಏರ್ತಿತ್ತು, ಕೈ ಏರ್ತಿರಲಿಲ್ಲ. ಒಳಗಿನ ಸ್ನಾಯುವಿಗೆ ಬಲ ಇಲ್ಲದಾಗ ಕತ್ತಿನ ಸ್ನಾಯು ಆ ಕೆಲಸ ಎಳೆದುಕೊಳ್ಳುತ್ತೆ. ಅವಳು ಒಂದು ಅಂಗೈ ನನ್ನ ಭುಜದ ನೆತ್ತಿ ಮೇಲಿಟ್ಟು ಮೆಲ್ಲಗೆ ಒತ್ತಿ ಹಿಡಿದು, ಇನ್ನೊಂದರಿಂದ ಬೆನ್ನಿನ ಹಲಗೆ ಮೂಳೆಯ ತುದಿ ಹಿಡಿದು, ಈಗ ಎತ್ತಿ ಅಂತಿದ್ಲು. ಏರ್ತಿದ್ದದ್ದು ಗೇಣುದ್ದ. ಆ ಗೇಣು ಮಾತ್ರ ನಿಜವಾದದ್ದು, ಮಿಕ್ಕಿದ್ದು ಕತ್ತಿನದ್ದು ಅಂತ ಹೇಳ್ತಿದ್ಲು. ಆ ಹುಡುಗಿಗೆ ನಾನು ಋಣಿ. ಡಾಕ್ಟ್ರು ಕಟ್ಟಿಕೊಟ್ಟಿದ್ದನ್ನ ಕೆಲಸಕ್ಕೆ ಬರೋ ಹಾಗೆ ಮಾಡಿದವಳು ಅವಳು. ನೋವು ಇರುತ್ತೆ, ವ್ಯಾಯಾಮ ಮುಗಿದ ಮೇಲೆ ಸ್ವಲ್ಪ ಹೊತ್ತಿಗೆ ಇಳಿದ್ರೆ ಸರಿ. ರಾತ್ರಿಯೆಲ್ಲ ಉಳಿದ್ರೆ ಜಾಸ್ತಿಯಾಯ್ತು ಅಂತ ಅರ್ಥ.

ಎಲ್ಲಕ್ಕಿಂತ ಅಪಾಯದ ಹೊತ್ತು ಸ್ಲಿಂಗ್ ಬಿಚ್ಚಿದ ಮೇಲಿನದು. ನೋವು ಹೋಗಿರುತ್ತೆ, ನಿದ್ದೆ ಬರ್ತಿರುತ್ತೆ, ತೂತಿನ ಗುರುತೂ ಮಾಸಿರುತ್ತೆ. ನೋಡಿದವರೆಲ್ಲ ವಾಸಿಯಾಯ್ತಲ್ಲ ಅಂತಾರೆ. ಆಳು ಬಂದಿಲ್ಲ, ಒಂದು ಕೈ ಹಾಕಿ ಅಂತಾರೆ. ಒಳಗೆ ಆ ತುದಿ ಇನ್ನೂ ಪೂರ್ತಿ ಹತ್ತಿರಲ್ಲ. ಹೊಲಿದಿದ್ದು ಮತ್ತೆ ಕಿತ್ತು ಬರೋದು ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ. ಕೆಲಸಗಳು ಕೆಳಗಿನಿಂದ ಮೇಲಕ್ಕೆ ವಾಪಸ್ ಬರ್ತವೆ ಅಕ್ಕ. ನನಗೆ ಕೂತು ಅಡಿಕೆ ಸುಲಿಯೋದು ಮೊದಲು ಬಂತು, ಚಪಾತಿ ಲಟ್ಟಿಸೋದು ಆಮೇಲೆ, ತಂತಿ ಮೇಲೆ ಒದ್ದೆ ಸೀರೆ ಹರವೋದು ತುಂಬ ಆಮೇಲೆ, ಅಟ್ಟದ ಮೇಲಿನ ಡಬ್ಬ ಇಳಿಸೋದು ಎಲ್ಲಕ್ಕಿಂತ ಕೊನೆಗೆ. ಭಾವನ ದೋಟಿ ಆ ಡಬ್ಬಕ್ಕಿಂತಲೂ ಮೇಲಿನ ಕೆಲಸ.

ನಿರಾಸೆ ಮಾಡಿಕೊಳ್ಳಬೇಡಿ. ನಮ್ಮ ಕುಂಬ್ಳೆ ಇಲ್ವಾ. ಭುಜದ ಆಪರೇಷನ್ ಆಗಿ 2001ರ ಆಸ್ಟ್ರೇಲಿಯಾ ಸರಣಿಯನ್ನೇ ಆಡಲಿಲ್ಲ. ಲೆಗ್ ಸ್ಪಿನ್ ಹಾಕೋನಿಗೆ ಭುಜ ಹೋದ್ರೆ ಇನ್ನೇನಿದೆ ಅಂತ ಜನ ಮಾತಾಡಿದ್ರು. ತಿಂಗಳುಗಟ್ಟಲೆ ದುಡಿದು ವಾಪಸ್ ಬಂದ್ರು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ಮುನ್ನೂರನೇ ವಿಕೆಟ್ ತಗೊಂಡ್ರು, 2008ರಲ್ಲಿ ನಿವೃತ್ತಿಯಾಗೋ ಹೊತ್ತಿಗೆ ಟೆಸ್ಟಿನಲ್ಲಿ 619. ಅರ್ಧಕ್ಕಿಂತ ಜಾಸ್ತಿ ವಿಕೆಟ್ ಬಂದಿದ್ದು ರಿಪೇರಿ ಆದ ಭುಜದಿಂದ. ಅವರು ಅಷ್ಟು ದೊಡ್ಡ ಸರಣಿ ಬಿಟ್ಟು ಕೂತ್ರು ಅಂದ್ಮೇಲೆ ಭಾವ ಒಂದು ವರ್ಷದ ಕೊಯ್ಲು ಬಿಟ್ಟು ಕೂರಬಾರದಾ?

ಹಾಗಾಗಿ ನನ್ನ ಮಾತು ಇಷ್ಟು. ಈಗ ನವರಾತ್ರಿ ಹತ್ರ ಬಂತು. ಇವತ್ತಿನಿಂದ ಭಾವ ದೋಟಿ ಮುಟ್ಟೋದು ಬೇಡ. ಈ ವರ್ಷದ ಕೊನೆಕೊಯ್ಲು ಚೇಣಿಗೆ ಕೊಡಿ, ಲಾಭ ಸ್ವಲ್ಪ ಕಮ್ಮಿಯಾಗುತ್ತೆ, ಆಗಲಿ. ಡಾಕ್ಟ್ರ ಹತ್ರ ಇನ್ನೊಂದು ಸಲ ಹೋಗಿ ಕೇಳಿ. ಹರಿದಿದ್ದು ಎಷ್ಟು ಸೆಂಟಿಮೀಟರ್? ಅರ್ಧ ದಪ್ಪ ಹರಿದಿದೆಯೋ ಪೂರ್ತಿಯೋ? ಸ್ನಾಯುವಿನಲ್ಲಿ ಕೊಬ್ಬು ಸೇರಿದೆಯಾ? ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿದ್ರೆ ನಷ್ಟ ಇದೆಯಾ? ಕಾದ್ರೆ ಕೆಡುತ್ತೆ ಅಂತ ಕಾರಣ ಸಮೇತ ಹೇಳಿದ್ರೆ ಈಗಲೇ ಮಾಡಿಸಿ, ಹಿಂದೆ ಮುಂದೆ ನೋಡಬೇಡಿ. ಕಾಯಬಹುದು ಅಂದ್ರೆ ಪುಷ್ಯದ ತನಕ ವ್ಯಾಯಾಮ ನಡೀಲಿ. ಅದಕ್ಕೂ ಬಗ್ಗದಿದ್ರೆ ಮಾಘದಲ್ಲಿ ಆಪರೇಷನ್ ಇಟ್ಟುಕೊಳ್ಳಿ. ಬೇಸಿಗೆ ಪೂರ್ತಿ ವ್ಯಾಯಾಮಕ್ಕೆ ಸಿಗುತ್ತೆ, ಬೆವರಿಗೆ ಸ್ಲಿಂಗ್ ಕಷ್ಟ, ಅದೊಂದು ಸಹಿಸಿಕೊಳ್ಳಬೇಕು. ಮುಂಗಾರಿಗೆ ಕೊಳೆ ಔಷಧಿ ಹೊಡೆಯೋ ಹೊತ್ತಿಗೆ ಇನ್ನೂ ನಾಲ್ಕು ತಿಂಗಳು, ಆಗಲೂ ಆಳಿಗೇ ಹೇಳಿ, ಭಾವ ತೋಟದಲ್ಲಿ ನಿಂತು ಮಾಡಿಸಲಿ. ಮುಂದಿನ ಕೊಯ್ಲಿಗೆ ಎಂಟು ತಿಂಗಳು ತುಂಬಿರುತ್ತೆ. ಆಗ ಡಾಕ್ಟ್ರು ಬಲ ನೋಡಿ ಸರಿ ಅಂದ್ರೆ ದೋಟಿ ಹಿಡೀಲಿ, ಅದೂ ಅರ್ಧ ದಿನ. ಹಾಲು ತಣ್ಣಗಾಗ್ತಿದೆ, ಹೊರಡಿ. ಸಂಜೆ ರಿಪೋರ್ಟ್ ತಗೊಂಡು ಭಾವನ ಜೊತೆ ಬನ್ನಿ, ಕೇಳಬೇಕಾದ್ದೆಲ್ಲ ಒಂದು ಹಾಳೇಲಿ ಬರೆದಿಟ್ಟಿರ್ತೀನಿ.